ಆಫ್ ಆಗಿದೆ ಎಂದರೆ

ಸೋಮವಾರ ಬೆಳಗ್ಗೆ ಕೋಲ್ಡ್‌ರೂಮಿನ ಬಾಗಿಲು ಎಳೆದ ಕೂಡಲೇ ಸ್ಟೋರಮ್ಮ ಮುಖ ಪಕ್ಕಕ್ಕೆ ತಿರುಗಿಸಿದಳು. ಒಳಗಿನ ಗಾಳಿ ಎಂದಿನ ಹಾಗೆ ತಣ್ಣಗೇ ಇತ್ತು, ಆದರೆ ಆ ತಂಪಿನೊಳಗೆ ಇನ್ನೇನೋ ಸೇರಿಕೊಂಡಿತ್ತು. ಒದ್ದೆ ಬಟ್ಟೆಯನ್ನು ವಾರಗಟ್ಟಲೆ ಬಕೆಟ್ಟಿನಲ್ಲಿ ಮರೆತುಬಿಟ್ಟಂಥ ನಾತ, ಅದಕ್ಕೆ ಒಂದಿಷ್ಟು ಸಿಹಿ ಬೇರೆ ಬೆರೆತಿತ್ತು. ಬರೀ ನಾತವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಆ ಸಿಹಿ ಗಂಟಲಿಗೇ ಇಳಿಯುತ್ತಿತ್ತು. ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ ಮೊದಲನೆಯ ಟ್ರೇ ಎಳೆದು ನೋಡಿದಳು. ಶನಿವಾರ ಬಂದಿದ್ದ ಕೋಳಿಮಾಂಸ. ಮೇಲೆಲ್ಲ ತೆಳ್ಳಗೆ ಲೋಳೆ ಕಟ್ಟಿತ್ತು. ಬೆರಳಿಟ್ಟು ಎತ್ತಿದರೆ ನೂಲಿನ ಹಾಗೆ ಎಳೆ ಬಂತು.

ಅವಳಿಗೆ ಬೇರೆ ಹೆಸರಿತ್ತು, ಆದರೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳು ಎಲ್ಲರಿಗೂ ಸ್ಟೋರಮ್ಮನೇ. ನಾನೂರು ಜನರ ಊಟಕ್ಕೆ ಬೇಕಾದ ಸಾಮಾನೆಲ್ಲ ಅವಳ ಕೈ ದಾಟಿಯೇ ಒಲೆಗೆ ಹೋಗಬೇಕು. ಹಾಲು ಒಡೆಯುವುದಕ್ಕೆ ಅರ್ಧ ದಿನ ಮೊದಲೇ ಅದು ಒಡೆಯುತ್ತದೆಂದು ಮೂಸಿ ಹೇಳಿಬಿಡುತ್ತಿದ್ದಳು. "ನಿನ್ನ ಮೂಗಿಗೆ ಸರ್ಕಾರಿ ನೌಕರಿ ಕೊಡಿಸ್ಬೇಕು," ಎಂದು ಹೆಡ್ ಕುಕ್ ತಮಾಷೆ ಮಾಡುತ್ತಿದ್ದ. ಅವನನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಆ ತಮಾಷೆಯ ಹಿಂದೆ ಒಂದು ಗುಟ್ಟಿತ್ತು. ಎರಡು ವರ್ಷದ ಹಿಂದೆ ಬಂದ ಜ್ವರದಲ್ಲಿ ದೊಡ್ಡಣ್ಣನ ಮೂಗು ಸತ್ತುಹೋಗಿತ್ತು. ಸೀದರೂ ತಿಳಿಯದು, ಹಳಸಿದರೂ ತಿಳಿಯದು. ವಿಷಯ ಹೊರಗೆ ಬಂದರೆ ಮನೆಗೆ ಕಳಿಸಿಬಿಡುತ್ತಾರೆಂದು ಅವನು ಅವಳೊಬ್ಬಳಿಗೇ ಹೇಳಿಕೊಂಡಿದ್ದ. ಅಂದಿನಿಂದ ಒಲೆಯ ಮೇಲೆ ಏನಿಡುವ ಮೊದಲೂ ಅವಳ ಕಡೆ ನೋಡುತ್ತಿದ್ದ. ಅವಳು ತಲೆಯಾಡಿಸಿದರೆ ಆಯಿತು.

ಸೂಪರ್‌ವೈಸರ್ ಬಂದ. ಮೂವತ್ತರ ಆಸುಪಾಸಿನವನು, ಬಿಳಿ ಕೋಟು, ಅದರ ಜೇಬಿನಲ್ಲಿ ಎರಡು ಪೆನ್ನು. ಮೈತುಂಬ ಸುರಿದುಕೊಂಡಿದ್ದ ಸೆಂಟು ಕೋಳಿಯ ನಾತದ ಜೊತೆ ಸೇರಿ ಇನ್ನೊಂದು ಬಗೆಯ ಹೇಸಿಗೆಯಾಯಿತು. ಕರ್ಚೀಫು ಮೂಗಿಗೆ ಹಿಡಿದುಕೊಂಡು ಒಂದೇ ಒಂದು ಟ್ರೇ ಇಣುಕಿದ, ಹೊರಗೆ ಬಂದ, ಮ್ಯಾನೇಜರನಿಗೆ ಫೋನ್ ಮಾಡಿದ. ಮಾತೆಲ್ಲ ಇಂಗ್ಲಿಷಿನಲ್ಲಿ. ಸ್ಟೋರಮ್ಮ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಡಬ್ಬಿಗಳ ಮೇಲಿನ ಹೆಸರು, ತಾರೀಖು ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಅವನ ಮಾತಿನ ನಡುವೆ ಒಂದು ತುಣುಕು ಎರಡು ಸಲ ಬಂತು. "ಗಾನ್ ಆಫ್ ಸರ್. ಹೋಲ್ ಲಾಟ್ ಗಾನ್ ಆಫ್."

ಆಫ್ ಎಂದರೆ ಯಾರಿಗೆ ಗೊತ್ತಿಲ್ಲ. ಲೈಟು ಆಫ್, ಫ್ಯಾನು ಆಫ್. ಕೂಲಿಂಗ್ ಮೆಶಿನ್ ನಿಂತುಹೋಗಿದ್ದ ವಿಷಯ ಹೇಳುತ್ತಿದ್ದಾನೆ ಎಂದುಕೊಂಡು ಅವಳೂ ದನಿಗೂಡಿಸಿದಳು. "ಹೌದು ಸರ್, ಆಫ್ ಆಗಿರ್ಬೇಕು. ಅಲಾರಂ ಕೂಡ ಆಫ್ ಆಗಿದೆ ಅಂತ ತಿಂಗಳಿಂದ ಹೇಳ್ತಾನೇ ಇದೀನಲ್ಲ."

ಅವನು ಫೋನ್ ಕಿವಿಯಲ್ಲಿಟ್ಟುಕೊಂಡೇ ಅವಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ. ಆಮೇಲೆ ಸಣ್ಣಗೆ ನಕ್ಕ. ಫೋನ್ ಇಟ್ಟವನು ಕನ್ನಡಕ್ಕೆ ತಿರುಗಿದ.

"ಮಾಂಸಕ್ಕೇನೂ ಆಗಿಲ್ವಂತೆ ಸ್ಟೋರಮ್ಮ. ರೂಮಿನ ವಾಸನೆ ಅಷ್ಟೇ. ವಿನೆಗರ್ ಹಾಕಿ ಎರಡು ನೀರು ತೊಳೀರಿ. ದೊಡ್ಡಣ್ಣಂಗೆ ಬೆಳ್ಳುಳ್ಳಿ, ಮೆಣಸು ಸ್ವಲ್ಪ ಜಾಸ್ತಿ ಹಾಕೋಕೆ ಹೇಳಿ."

"ಸರ್, ಲೋಳೆ ಬರ್ತಿದೆ."

"ಕೋಳಿ ಅಂದ್ಮೇಲೆ ಲೋಳೆ ಇರಲ್ವಾ? ಮ್ಯಾನೇಜರ್ ಹೇಳಿದಾರೆ ಅಂದ್ರೆ ಹೇಳಿದಾರೆ. ಹನ್ನೆರಡಕ್ಕೆ ಊಟದ ಗಾಡಿ ಹೊರಡ್ಬೇಕು."

ಅವಳು ತೊಳೆದಳು. ಎಂಬತ್ತು ಕಿಲೋ. ಕಲ್ಲಿನ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ತೊಳೆದಷ್ಟೂ ನೀರು ಮಬ್ಬಾಗುತ್ತಿತ್ತು. ತುಂಡುಗಳು ಬೆರಳ ಸಂದಿಯಿಂದ ಜಾರಿ ಪಿಚಕ್ಕೆಂದು ಮತ್ತೆ ಒಳಗೆ ಬೀಳುತ್ತಿದ್ದವು. ಚರ್ಮ ಮುಟ್ಟಿದರೆ ಬಿಟ್ಟುಕೊಳ್ಳುತ್ತಿತ್ತು. ಎರಡನೆಯ ನೀರಿಗೆ ವಿನೆಗರಿನ ಘಾಟು ಏರಿ ಕಣ್ಣಲ್ಲಿ ನೀರು ಬಂತು. ನಾತ ಹೋಗಲಿಲ್ಲ, ಘಾಟಿನ ಕೆಳಗೆ ಹೋಗಿ ಕೂತಿತು.

ಕೊಪ್ಪರಿಗೆಯ ಪಕ್ಕ ದೊಡ್ಡಣ್ಣ ಸೌಟು ಹಿಡಿದು ನಿಂತಿದ್ದ. ಟ್ರೇ ತಂದಿಟ್ಟಾಗ ಎಂದಿನಂತೆ ಅವಳ ಮುಖ ನೋಡಿದ. "ಹೇಗಿದೆಯಮ್ಮ?"

"ಪರವಾಗಿಲ್ಲ ಅಂದಿದಾರೆ."

"ಅವರು ಅಂದಿರ್ಲಿ. ನೀನೇನಂತೀಯ?"

ಸೂಪರ್‌ವೈಸರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಹೋದ ತಿಂಗಳು ತರಕಾರಿ ವಿಷಯಕ್ಕೆ ಎದುರು ಮಾತಾಡಿದ ಹೆಂಗಸೊಬ್ಬಳನ್ನು ಮಾರನೆಯ ದಿನ ಗೇಟಿನಿಂದಲೇ ವಾಪಸ್ ಕಳಿಸಿದ್ದು ನೆನಪಾಯಿತು.

"ಪರವಾಗಿಲ್ಲ ದೊಡ್ಡಣ್ಣ," ಎಂದು ತಲೆಯಾಡಿಸಿದಳು.

ಅವನು ಮತ್ತೇನೂ ಕೇಳದೆ ಟ್ರೇಯನ್ನು ಕೊಪ್ಪರಿಗೆಗೆ ಬಗ್ಗಿಸಿದ.

ಊಟದ ಗಾಡಿಗಳು ಹೊರಟ ಮೇಲೆ ಸೂಪರ್‌ವೈಸರ್ ಕೋಲ್ಡ್‌ರೂಮಿನ ರಿಜಿಸ್ಟರ್ ಹಿಡಿದುಕೊಂಡು ಬಂದ. ಭಾನುವಾರದ ಸಾಲಿನಲ್ಲಿ ಆಗಷ್ಟೇ ಬರೆದ ಇಂಗ್ಲಿಷ್ ವಾಕ್ಯವಿತ್ತು. ಇನ್ನೂ ಶಾಯಿ ಹೊಳೆಯುತ್ತಿತ್ತು. ಅವಳು ಬೆರಳಿಟ್ಟು ಓದಿದಳು. ಅಲಾರಂ. ವೆಂಟ್. ಆಫ್. ಮಧ್ಯಾಹ್ನ ಎರಡೂ ಕಾಲು. ಅಟೆಂಡೆಡ್. ವೆಂಟ್ ಎಂದರೆ ಹೋಯಿತು, ಆಫ್ ಎಂದರೆ ಆಫು. ಅಲಾರಂ ಆಫ್ ಆಗಿಹೋಗಿದೆ ಎಂದಾಯಿತು. ಅಟೆಂಡೆಡ್ ಎಂದರೆ ಹಾಜರಿಯ ಮಾತಿರಬೇಕು. ಭಾನುವಾರ ಮಾಂಸದೂಟವಿಲ್ಲದ್ದರಿಂದ ಕೋಲ್ಡ್‌ರೂಮ್ ತೆರೆಯದಿದ್ದರೂ ನಾಲ್ಕರವರೆಗೆ ಅವಳು ಹಾಜರಿದ್ದದ್ದು ನಿಜವೇ. ಅಂತೂ ಅಲಾರಂ ಕೆಟ್ಟಿದೆಯೆಂದು ತಾನು ಬಾಯಿ ಬಡಿದುಕೊಂಡದ್ದನ್ನು ಈ ಮನುಷ್ಯ ಕೊನೆಗೂ ಬರವಣಿಗೆಗೆ ಇಳಿಸಿದನಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು.

"ಇಲ್ಲೊಂದು ಸಹಿ," ಎಂದ.

ಬೆಳಗಿನಿಂದ ಅವನ ಮೇಲಿದ್ದ ಸಿಟ್ಟು ಸ್ವಲ್ಪ ಇಳಿದು, ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು. "ಥ್ಯಾಂಕ್ಸ್ ಸರ್," ಎಂದೂ ಅಂದಳು.

*

ಸಂಜೆ ಐದಕ್ಕೆ ಹೆಂಗಸರ ವಾರ್ಡಿನಲ್ಲಿ ಶುರುವಾಯಿತು. ಆರಕ್ಕೆ ಗಂಡಸರ ವಾರ್ಡು. ಮಂಗಳವಾರ ಬೆಳಗ್ಗೆ ಅವಳು ಕೆಲಸಕ್ಕೆ ಬರುವಷ್ಟರಲ್ಲಿ ಅರವತ್ತಮೂರು ಜನ ಮಲಗಿದ್ದರು. ಅವರಲ್ಲಿ ಹತ್ತು ಮಂದಿ ನರ್ಸುಗಳೇ. ಕೈ ಸಾಲದೆ ಅಡುಗೆಮನೆಯ ಹೆಂಗಸರನ್ನೂ ವಾರ್ಡಿಗೆ ಕರೆಸಿಕೊಂಡರು.

ಕಾರಿಡಾರಿನುದ್ದಕ್ಕೂ ಬಕೆಟ್ಟುಗಳಿದ್ದವು. ಫಿನಾಯಿಲು ಸುರಿದಲ್ಲಿ ಸುರಿದೇ ಇದ್ದರು, ನೆಲ ಮಾತ್ರ ಜಾರುತ್ತಲೇ ಇತ್ತು. ಗೋಡೆಗೆ ಒರಗಿ ಕೂತ ಒಬ್ಬ ಗಂಡಸು ತನ್ನ ಅಂಗಿಯ ಮೇಲೇ ಕಾರಿಕೊಂಡು, ಅದನ್ನು ಒರೆಸುವ ಶಕ್ತಿಯೂ ಇಲ್ಲದೆ ಕಣ್ಣು ಮುಚ್ಚಿದ್ದ. ಆ ಹುಳಿ ವಾಸನೆಯ ನಡುವೆ ಸ್ಟೋರಮ್ಮನಿಗೆ ಬೆಳ್ಳುಳ್ಳಿಯ ವಾಸನೆ ಗೊತ್ತಾಯಿತು. ನಿನ್ನೆ ತಾನೇ ಜಾಸ್ತಿ ಅಳೆದುಕೊಟ್ಟ ಬೆಳ್ಳುಳ್ಳಿ.

ಹದಿನೇಳನೆಯ ಮಂಚದಲ್ಲಿ ಒಬ್ಬ ಮುದುಕರಿದ್ದರು. ರಿಟೈರಾದ ಪೋಸ್ಟ್‌ಮ್ಯಾನ್. ಕಾಲು ಮುರಿದು ಮೂರು ವಾರದಿಂದ ಅಲ್ಲೇ ಇದ್ದವರು. ಅವಳು ಹಾಸಿಗೆ ಬಟ್ಟೆ ಎಳೆಯುತ್ತಿದ್ದಾಗ ಅವರಿಗೆ ಮತ್ತೆ ಬಂತು. ಬಟ್ಟಲು ಹಿಡಿಯುವಷ್ಟರಲ್ಲಿ ಎಲ್ಲ ಅವಳ ಕೈಮೇಲೇ ಆಯಿತು. ಬೆಚ್ಚಗಿನ, ತೆಳ್ಳನೆಯ, ಎಳೆಎಳೆಯಾದದ್ದು. ಅವಳಿಗೆ ತೊಟ್ಟಿಯ ನೀರು ನೆನಪಾಯಿತು.

"ಕ್ಷಮಿಸಮ್ಮ," ಎಂದರು ಮುದುಕರು, ಉಸಿರು ಸಿಕ್ಕ ಮೇಲೆ. "ಕೈಯೆಲ್ಲ ಗಲೀಜು ಮಾಡ್ಬಿಟ್ಟೆ."

"ಇರ್ಲಿ ಬಿಡಿ ಅಜ್ಜ."

"ಊಟದ್ದೇನೂ ತಪ್ಪಿಲ್ಲಮ್ಮ. ಸಾರು ಚೆನ್ನಾಗಿತ್ತು. ನಾನೇ ಎರಡು ಸಲ ಹಾಕಿಸ್ಕೊಂಡೆ. ನಾಲಿಗೆ ಚಪಲ."

ಮಧ್ಯಾಹ್ನದ ಹೊತ್ತಿಗೆ ಅವರ ಬಿ.ಪಿ. ಇಳಿದು, ಇಬ್ಬರು ಬಂದು ಸ್ಟ್ರೆಚರಿನಲ್ಲಿ ಐಸಿಯುಗೆ ಒಯ್ದರು. ಕುದಿಸಿದರೂ ಸಾಯದ ವಿಷವಂತೆ, ಮಾಂಸ ಕೆಡುವಾಗ ಅದರಲ್ಲೇ ಹುಟ್ಟುವುದಂತೆ ಎಂದು ನರ್ಸೊಬ್ಬಳು ಹೇಳುತ್ತಿದ್ದಳು. ಸ್ಟೋರಮ್ಮ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು, ಮೂಸಿ ನೋಡಿಕೊಂಡಳು, ಮತ್ತೆ ತೊಳೆದುಕೊಂಡಳು. ಸೋಪಿನ ಬಿಲ್ಲೆ ಅರ್ಧ ಕರಗಿತು.

*

ಬುಧವಾರ ಹನ್ನೊಂದಕ್ಕೆ ವಿಚಾರಣೆ. ಮೇಜಿನ ಆಚೆ ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ, ಪಕ್ಕದಲ್ಲಿ ಅಡುಗೆಮನೆಯ ಮ್ಯಾನೇಜರ್. ಡಾಕ್ಟರಮ್ಮ ಬೇರೆ ಭಾಷೆಯವರು, ಬಂದು ವರ್ಷವಾಗಿರಲಿಲ್ಲ. "ನಮಸ್ಕಾರ", "ನೋವಿದೆಯಾ" ಬಿಟ್ಟರೆ ಅವರಿಗೆ ಕನ್ನಡ ಬಾರದು. ಹಾಗಾಗಿ ಅವರ ಮಾತು ಇವಳಿಗೆ, ಇವಳ ಮಾತು ಅವರಿಗೆ ದಾಟಿಸಲು ಸೂಪರ್‌ವೈಸರನೇ ನಿಂತ. ಅದೇ ಬಿಳಿ ಕೋಟು, ಅದೇ ಸೆಂಟು.

"ಇದು ನಿಮ್ಮ ಸಹಿನಾ ಅಂತ ಕೇಳ್ತಿದಾರೆ."

"ಹೌದು ಸರ್."

"ಓದಿ ಹಾಕಿದ್ರಾ?"

"ಓದೇ ಹಾಕಿದ್ದು. ಅಲಾರಂ ಆಫ್ ಆಗಿತ್ತು ಅಂತ ಬರೆದಿದೆ. ಅದು ಸತ್ಯ. ಬೇಕಾದ್ರೆ ಯಾವ ದೇವರ ಮುಂದೆ ಹೇಳು ಅಂದ್ರೂ ಹೇಳ್ತೀನಿ."

ಸೂಪರ್‌ವೈಸರ್ ಡಾಕ್ಟರಮ್ಮನ ಕಡೆ ತಿರುಗಿ, ಬಹಳ ವಿನಯದಿಂದ, ಚಿಕ್ಕದೊಂದು ವಾಕ್ಯ ಹೇಳಿದ. ಅದರಲ್ಲೂ ಅಲಾರಂ ಇತ್ತು, ವೆಂಟ್ ಆಫ್ ಇತ್ತು. ಡಾಕ್ಟರಮ್ಮ ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿಗಿಂತ ಅಸಹ್ಯವೇ ಹೆಚ್ಚಿತ್ತು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ತಾನು ಸತ್ಯ ಹೇಳಿದ್ದಾಯಿತು, ಇನ್ನು ಅವರುಂಟು ದೇವರುಂಟು ಎಂದುಕೊಂಡಳು. ಶುಕ್ರವಾರ ತೀರ್ಮಾನ ಹೇಳುತ್ತಾರೆ, ಅಲ್ಲಿಯವರೆಗೆ ಕೆಲಸಕ್ಕೆ ಬರುವುದು ಬೇಡ ಎಂದು ಸೂಪರ್‌ವೈಸರ್ ಅವಳ ಬೀಗದ ಕೈ ಇಸಿದುಕೊಂಡ.

ಮನೆಯಲ್ಲಿ ಅತ್ತಿಗೆ ಮಾತ್ರ ಇದ್ದರು. ಗಂಡನ ಅಕ್ಕ. ಮೂವತ್ತೆರಡು ವರ್ಷ ಹುಡುಗಿಯರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರಾದವರು, ಮದುವೆಯಾಗಲಿಲ್ಲ. ಗಂಡ ಲಾರಿ ಓಡಿಸುವವನಾದ್ದರಿಂದ ತಿಂಗಳಿಗೆರಡು ಸಲ ಮನೆಯ ಮುಖ ನೋಡುತ್ತಿದ್ದ. ಉಳಿದ ದಿನವೆಲ್ಲ ಈ ಇಬ್ಬರೇ. ಅತ್ತಿಗೆಯ ನಾಲಿಗೆ ಚೂಪು. ಬಟ್ಟೆ ಒಣಹಾಕಿದ್ದರಲ್ಲೂ ವ್ಯಾಕರಣ ದೋಷ ಕಂಡುಹಿಡಿಯುವವರೆಂದು ತಮ್ಮನೇ ಹೇಳುತ್ತಿದ್ದ.

"ಏನಂದ್ರು?" ಎಂದರು ಅತ್ತಿಗೆ, ಬಟಾಣಿ ಸುಲಿಯುತ್ತ.

"ಎಲ್ಲ ಹೇಳಿ ಬಂದೆ. ಅಲಾರಂ ವೆಂಟ್ ಆಫ್ ಅಂತ ರಿಜಿಸ್ಟರಲ್ಲೇ ಇದೆಯಲ್ಲ. ಸಹಿ ನಂದೇ ಅಂದೆ."

ಅತ್ತಿಗೆಯ ಕೈ ನಿಂತಿತು. "ಏನಂತ ಇದೆ? ಸರಿಯಾಗಿ ಹೇಳು."

ಹೇಳಿದಳು. ಅತ್ತಿಗೆ ಮೊರ ಪಕ್ಕಕ್ಕಿಟ್ಟರು.

"ವೆಂಟ್ ಆಫ್ ಅಂದ್ರೆ ಏನಂದ್ಕೊಂಡಿದೀಯ?"

"ಆಫ್ ಆಗೋಯ್ತು ಅಂತ. ಕೆಲಸ ಮಾಡ್ತಿಲ್ಲ ಅಂತ."

"ಲೈಟು ವೆಂಟ್ ಆಫ್ ಅಂದ್ರೆ ಆರ್‍ಹೋಯ್ತು, ಅದು ಸರಿ. ಅಲಾರಂ ವೆಂಟ್ ಆಫ್ ಅಂದ್ರೆ ಹೊಡ್ಕೊಳ್ತು ಕಣೇ. ಕಿರ್ ಅಂತ ಬಡ್ಕೊಳ್ತು. ಬಾಂಬು ಗೋ ಆಫ್ ಅಂದ್ರೆ ಸಿಡೀತು. ನಿನ್ನ ಗಂಡ ಲಾರಿ ಹತ್ತಿ ಹೋದ್ನಲ್ಲ, ಅದೂ ಗೋ ಆಫೇ. ಒಬ್ಬರನ್ನ ಕಂಡ್ರೆ ಮನಸ್ಸು ಮುರೀತು ಅನ್ನು, ಅದಕ್ಕೂ ಅದೇ ಮಾತು. ಎರಡೇ ಶಬ್ದ, ಆದರೆ ಸಂತೆಯಲ್ಲಿ ನಿಂತ ಗಿರಾಕಿ ಥರ, ಯಾರ ಪಕ್ಕ ನಿಂತ್ರೆ ಅವರ ಮಾತು. ಐದು ವರ್ಷ ಕಲಿಸಿದ್ರೂ ಮಕ್ಕಳು ತಪ್ತಾ ಇದ್ರು. ನೀನು ಎಲ್ಲಿಂದ ತಿಳ್ಕೊಳ್ತೀಯ?"

"ಹೊಡ್ಕೊಳ್ತು ಅಂತಾನಾ?"

"ಎರಡೂ ಕಾಲಿಗೆ ಅಲಾರಂ ಬಡ್ಕೊಳ್ತು, ಅಟೆಂಡೆಡ್ ಅಂದ್ರೆ ನೀನು ಹೋಗಿ ನೋಡ್ಕೊಂಡೆ. ಕೆಳಗೆ ನಿನ್ನ ಸಹಿ. ಕೇಳಿಸಿತ್ತು, ಗೊತ್ತಿತ್ತು, ಸುಮ್ಮನಿದ್ದೆ ಅಂತ ನಿನ್ನ ಕೈಯಲ್ಲೇ ಬರೆಸ್ಕೊಂಡ ಹಾಗಾಯ್ತು. ಇವತ್ತು ಬಾಯಲ್ಲೂ ಹೇಳಿಸ್ಕೊಂಡ."

ಸ್ಟೋರಮ್ಮ ಗೋಡೆಯ ಬುಡದಲ್ಲಿ ಕೂತಳು. ಥ್ಯಾಂಕ್ಸ್ ಎಂದಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಆಮೇಲೆ ಕೇಳಿದಳು. "ಅತ್ತಿಗೆ, ಮಾಂಸ ಗಾನ್ ಆಫ್ ಅಂದ್ರೆ?"

"ಯಾರಂದ್ರು?"

"ಅವನೇ. ಫೋನಲ್ಲಿ, ಮ್ಯಾನೇಜರ್ ಹತ್ರ. ಸೋಮವಾರ ಬೆಳಗ್ಗೆ, ತೊಳೆಯೋಕೆ ಹೇಳೋ ಮುಂಚೆ. ಹೋಲ್ ಲಾಟ್ ಗಾನ್ ಆಫ್ ಅಂದ."

ಚೂಪು ನಾಲಿಗೆಯವರು ಮಾತು ಹುಡುಕುವುದನ್ನು ಅವಳು ಅಂದೇ ಮೊದಲು ಕಂಡದ್ದು.

"ಕೆಟ್ಟುಹೋಗಿದೆ ಅಂತ. ಅಷ್ಟೂ ಕೊಳೆತಿದೆ ಅಂತ."

ಅವನು ತನ್ನೆದುರಿಗೇ ನಿಂತು ಹೇಳಿದ್ದ. ತಾನು ಹೌದು ಸರ್ ಎಂದು ತಾಳ ಹಾಕಿದ್ದಳು. ಆ ಸಣ್ಣ ನಗು ಯಾಕೆಂದು ಈಗ ಅರ್ಥವಾಯಿತು. ಅವಳು ಎದ್ದು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಳದಿ ನೀರಷ್ಟೇ ಬಂತು. ಅತ್ತಿಗೆ ಹಿಂದಿನಿಂದ ಹಣೆ ಹಿಡಿದುಕೊಂಡು ನಿಂತರು.

"ಹೋಗ್ಲಿ ಬಿಡು. ನಿಂಗೆ ಇಂಗ್ಲಿಷ್ ಗೊತ್ತಿರ್ಲಿಲ್ಲ. ಅದ್ರಲ್ಲಿ ನಿನ್ನ ತಪ್ಪೇನು? ಶುಕ್ರವಾರ ನಾನೂ ಬರ್ತೀನಿ. ಅವನ ಇಂಗ್ಲಿಷಿಗೆ ನಾನು ಜವಾಬು ಕೊಡ್ತೀನಿ."

ಅವಳು ಬಾಯಿ ಮುಕ್ಕಳಿಸಿ ಗೋಡೆಗೆ ಒರಗಿದಳು.

"ಮೂಸಿ ನೋಡೋಕೆ ಇಂಗ್ಲಿಷ್ ಬೇಕಾ ಅತ್ತಿಗೆ?" ಎಂದಳು. "ಬಾಗಿಲು ತೆಗೆದಾಗ್ಲೇ ನಂಗೆ ಗೊತ್ತಾಗಿತ್ತು. ಅವನು ಯಾವ ಭಾಷೆಲಿ ಏನಂದ್ರೇನು? ದೊಡ್ಡಣ್ಣ ನನ್ನನ್ನ ಕನ್ನಡದಲ್ಲೇ ಕೇಳಿದ್ದು. ನಾನು ಕನ್ನಡದಲ್ಲೇ ಸುಳ್ಳು ಹೇಳಿದ್ದು."

*

ಶುಕ್ರವಾರ ಅತ್ತಿಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಶಾಲೆಗೆ ಹೊರಡುವವರ ಹಾಗೆ ಬ್ಯಾಗು ನೇತುಹಾಕಿಕೊಂಡು ಬಂದರು. ಬಾಗಿಲಲ್ಲಿ ಸೂಪರ್‌ವೈಸರ್ ತಡೆದ. "ಹೊರಗಿನವರಿಗೆ ಒಳಗೆ ಬಿಡಲ್ಲ ಮೇಡಂ." ಅತ್ತಿಗೆ ಅವನನ್ನು ಒಂದನೇ ಬೆಂಚಿನ ತಂಟೆಕೋರನನ್ನು ನೋಡುವ ಹಾಗೆ ನೋಡಿ, ಅವನ ಭುಜದ ಮೇಲಿಂದಲೇ ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು. ಡಾಕ್ಟರಮ್ಮ ಕುರ್ಚಿ ತೋರಿಸಿದರು. ದೊಡ್ಡಣ್ಣನನ್ನೂ ಕರೆಸಿದ್ದರು. ಅವನು ಟೋಪಿ ಕೈಯಲ್ಲಿ ಹಿಡಿದು ಗೋಡೆ ಪಕ್ಕ ನಿಂತಿದ್ದ.

ಅವಳು ಒಂದೊಂದಾಗಿ ಹೇಳಿದಳು, ಅತ್ತಿಗೆ ಒಂದೊಂದಾಗಿ ದಾಟಿಸಿದರು. ಅಲಾರಂ ತಿಂಗಳಿಂದ ಸತ್ತಿದ್ದು. ಮೂರು ಸಲ ಹೇಳಿದ್ದು. ರಿಜಿಸ್ಟರಿನ ವಾಕ್ಯವನ್ನು ತಾನು ಹೇಗೆ ಓದಿಕೊಂಡಳೆಂದು ಹೇಳಿದಾಗ ಮ್ಯಾನೇಜರ್ ಮುಗುಳ್ನಕ್ಕು ಡಾಕ್ಟರಮ್ಮನ ಮುಖ ನೋಡಿದ. ಅವರು ನಗಲಿಲ್ಲ. ಫೋನಿನ ಮಾತು ಹೇಳಿದಾಗ ಆ ನಗು ಅವನ ಮುಖದಲ್ಲೇ ಒಣಗಿತು. "ಆಕೆಗೆ ಇಂಗ್ಲಿಷೇ ಬರಲ್ಲ ಅಂತೀರ. ಫೋನಲ್ಲಿ ಅಂದದ್ದು ಮಾತ್ರ ಹೇಗೆ ಅರ್ಥವಾಯ್ತು?" ಎಂದು ಸೂಪರ್‌ವೈಸರ್ ಕನ್ನಡದಲ್ಲೇ ಕೇಳಿದ.

"ಆಗ ಅರ್ಥವಾಗ್ಲಿಲ್ಲ ಸರ್," ಎಂದಳು ಅವಳು. "ಅರ್ಥವಾಗಲ್ಲ ಅಂತಾನೇ ತಾನೆ ನನ್ನೆದುರಿಗೇ ಅಂದಿದ್ದು?"

ಅದನ್ನೂ ಅತ್ತಿಗೆ ದಾಟಿಸಿದರು. ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದರು. ಅತ್ತಿಗೆ ಅದನ್ನು ನಿಧಾನವಾಗಿ ಕನ್ನಡಕ್ಕೆ ತಂದರು. "ಅವರು ಏನೇ ಅಂದಿರಲಿ, ಮಾಂಸ ಕೆಟ್ಟಿದ್ದು ನಿಮಗೆ ಗೊತ್ತಾಗಲಿಲ್ಲವಾ ಅಂತ ಕೇಳ್ತಿದಾರೆ."

"ಗೊತ್ತಾಗಿತ್ತು ಅಂತ ಹೇಳಿ ಅತ್ತಿಗೆ. ಗೊತ್ತಿದ್ದೂ ತೊಳೆದುಕೊಟ್ಟೆ. ಕುಕ್ ಕೇಳಿದಾಗ ಪರವಾಗಿಲ್ಲ ಅಂದೆ."

ಅತ್ತಿಗೆ ಅದನ್ನು ದಾಟಿಸಲಿಲ್ಲ. ಅವಳ ಕಡೆ ಬಾಗಿ ಮೆಲ್ಲಗೆ ಹೇಳಿದರು. "ಇದನ್ನ ಹೇಳಲೇಬೇಕಾ? ಅನುಮಾನ ಬಂದಿತ್ತು ಅಂತ ಹೇಳ್ತೀನಿ. ಸುಳ್ಳೇನಲ್ಲ ಅದು."

"ಬೇಡ. ನಾನಂದಿದ್ದನ್ನೇ ಹೇಳಿ. ಒಂದಕ್ಷರ ಬಿಡದೆ."

ಅತ್ತಿಗೆ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಿದರು. ಮೂವತ್ತೆರಡು ವರ್ಷ ತರಗತಿಯ ಕೊನೆಯ ಬೆಂಚಿಗೂ ಮುಟ್ಟಿದ್ದ ದನಿ ಆ ಒಂದು ವಾಕ್ಯಕ್ಕೆ ತಗ್ಗಿತು. ಡಾಕ್ಟರಮ್ಮ ಬರೆದುಕೊಂಡರು. ಆಮೇಲೆ ದೊಡ್ಡಣ್ಣನ ಕಡೆ ನೋಡಿ ಏನೋ ಕೇಳಿದರು. ಅದೇನಿರಬಹುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ನಾತವನ್ನು ಒಲೆಯ ಮುಂದೆ ನಿಂತವನು ಹೇಗೆ ಅರಿಯದೆ ಹೋದ? ಅವಳೇ ಮುಂದಾದಳು. "ಅವರನ್ನ ಕೇಳ್ಬೇಡಿ ಅನ್ನಿ ಅತ್ತಿಗೆ. ಅವರು ನನ್ನ ಮಾತು ನಂಬಿದ್ರು ಅಷ್ಟೇ."

"ನಂಗೆ ಮೂಗಿಲ್ಲ ಡಾಕ್ಟರೇ," ಎಂದ ದೊಡ್ಡಣ್ಣ, ಇದ್ದಲ್ಲಿಂದಲೇ. "ಎರಡು ವರ್ಷ ಆಯ್ತು. ಇವಳಿಗೊಬ್ಬಳಿಗೇ ಗೊತ್ತಿದ್ದದ್ದು. ಬಚ್ಚಿಟ್ಕೊಂಡು ಕೆಲಸ ಮಾಡ್ದೆ."

ಅವನು ಅವಳ ಕಡೆ ನೋಡಲಿಲ್ಲ. ಬೈದಿದ್ದರೆ, ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದ್ದರೆ ಅವಳಿಗೆ ಉಸಿರಾಡುವುದು ಸುಲಭವಾಗುತ್ತಿತ್ತು. ಅವನು ಟೋಪಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಡಾಕ್ಟರಮ್ಮ ಅಲ್ಲಿಂದಲೇ ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಅವನು ಏಣಿ ಹಾಕಿ ಅಲಾರಂ ಪೆಟ್ಟಿಗೆ ಬಿಚ್ಚಿ, ಒಳಗಿನ ತಂತಿ ಹಸಿರುಗಟ್ಟಿ ತುಂಡಾಗಿರುವುದನ್ನು ತೋರಿಸಿದ. ಇದು ಭಾನುವಾರ ಹೊಡೆದುಕೊಂಡಿತೆಂದರೆ ಸತ್ತ ನನ್ನ ತಾತನೂ ಎದ್ದು ಬಂದು ಹಾಡಬಹುದು ಎಂದ. ಮೆಶಿನ್ ಭಾನುವಾರ ಹಗಲಿಡೀ ನಿಂತು ಸಂಜೆ ತಾನಾಗಿಯೇ ಶುರುವಾಗಿದ್ದೂ, ರಿಪೇರಿ ಬೇಕೆಂದು ಎಲೆಕ್ಟ್ರಿಷಿಯನ್ ಹಿಂದೆಯೇ ಬರೆದುಕೊಟ್ಟಿದ್ದ ಚೀಟಿಗಳು ಮ್ಯಾನೇಜರನ ಡ್ರಾಯರಿನಲ್ಲೇ ಉಳಿದದ್ದೂ ಆ ಮಧ್ಯಾಹ್ನದೊಳಗೆ ಹೊರಗೆ ಬಂತು. ಮಾಂಸ ಎಸೆದರೆ ಯಾಕೆ ಎಸೆದಿರಿ ಎಂಬ ಪ್ರಶ್ನೆ ಏಳುತ್ತಿತ್ತು, ಆ ಪ್ರಶ್ನೆ ಡ್ರಾಯರಿನವರೆಗೂ ಹೋಗುತ್ತಿತ್ತು. ಅದನ್ನು ತಪ್ಪಿಸಲು ನಾನೂರು ಜನರ ಹೊಟ್ಟೆಗೆ ಕೊಳೆತದ್ದನ್ನು ಹಾಕಿದ್ದರು.

ಮ್ಯಾನೇಜರ್, ಸೂಪರ್‌ವೈಸರ್ ಇಬ್ಬರ ಕೆಲಸವೂ ಹೋಯಿತು, ಮೇಲೆ ಪೊಲೀಸ್ ಕೇಸೂ ಆಯಿತು. ಹೋಗುವಾಗ ಸೂಪರ್‌ವೈಸರ್ ಅವಳ ಪಕ್ಕದಲ್ಲೇ ಹಾದುಹೋದ. ಸೆಂಟಿನ ವಾಸನೆಗೆ ಅವಳು ಉಸಿರು ಬಿಗಿಹಿಡಿದಳು. ದೊಡ್ಡಣ್ಣನಿಗೆ ಇನ್ನೆರಡು ವರ್ಷ ಸೇವೆ ಇತ್ತು, ಅವನನ್ನು ಈಗಲೇ ಬಿಡಿಸಿದರು. ಅವಳಿಗೆ ಸ್ಟೋರಿನ ಕೆಲಸ ಇಲ್ಲವೆಂದಾಯಿತು. ಕೇಸಿನಲ್ಲಿ ಸಾಕ್ಷಿಯಾಗಬೇಕು. ಅಲ್ಲಿಯವರೆಗೆ ವಾರ್ಡಿನಲ್ಲಿ ನೆಲ ಒರೆಸುವ ಕೆಲಸ ಬೇಕಿದ್ದರೆ ಮಾಡಬಹುದು ಎಂದು ಡಾಕ್ಟರಮ್ಮ ಅತ್ತಿಗೆಯ ಮೂಲಕ ತಿಳಿಸಿದರು. ಸೇರುತ್ತೇನೆ ಎಂದಳು. ಜನ ಅವಳನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಕೆಲವರು ಧೈರ್ಯವಂತೆ ಎಂದರು, ಕೆಲವರು ಥೂ ಎಂದರು. ಎರಡೂ ಅವಳಿಗೆ ಒಂದೇ ಬಗೆಯಲ್ಲಿ ಚುಚ್ಚುತ್ತಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಮೊದಲ ತುತ್ತಿಗೇ ತನ್ನ ಬೆರಳು ಕಂಡು ಹೇಸಿಗೆಯಾಗುತ್ತಿತ್ತು. ಅತ್ತಿಗೆ ಮಾತಾಡದೆ ಚಮಚ ತಂದು ಕೊಟ್ಟರು. ಅಂದಿನಿಂದ ಅವಳು ಚಮಚದಲ್ಲೇ ಉಣ್ಣತೊಡಗಿದಳು.

ಹನ್ನೊಂದನೆಯ ದಿನ ಪೋಸ್ಟ್‌ಮ್ಯಾನ್ ಅಜ್ಜ ಐಸಿಯುನಿಂದ ವಾಪಸ್ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಕುತ್ತಿಗೆಯ ಚರ್ಮ ಬೇರೆ ಯಾರದೋ ಅಂಗಿಯ ಹಾಗೆ ಸಡಿಲವಾಗಿ ಜೋತಿತ್ತು. ಅವಳು ಎರಡು ದಿನ ಆ ಮಂಚದ ಸುತ್ತ ಬೇಗಬೇಗ ಒರೆಸಿಕೊಂಡು ಹೋದಳು. ಮೂರನೆಯ ದಿನ ಮಧ್ಯಾಹ್ನ ಅವರೇ ಕರೆದರು.

"ಕೆಲಸ ಮುಗೀತಾ ತಾಯಿ? ಇದನ್ನ ಸ್ವಲ್ಪ ಕತ್ತರಿಸ್ತೀಯ? ಕೈ ನಡುಗುತ್ತೆ, ನಂಗಾಗಲ್ಲ." ಮೇಜಿನ ಮೇಲೆ ನೇಲ್‌ಕಟರ್ ಇತ್ತು. ಅವರ ಉಗುರು ಉದ್ದ ಬೆಳೆದು, ಹಳದಿಗಟ್ಟಿ, ಸಂದಿಯಲ್ಲಿ ಕಪ್ಪು ಕೂತಿತ್ತು.

ಅವಳು ಕೈ ತೊಳೆದುಕೊಂಡು ಬಂದು ಸ್ಟೂಲ್ ಎಳೆದು ಕೂತಳು. ಎಡಗೈಯ ಹೆಬ್ಬೆರಳಿನಿಂದ ಶುರುಮಾಡಿದಳು. ಉಗುರು ಗಟ್ಟಿಯಿತ್ತು, ಟಕ್ಕೆಂದು ಸಿಡಿದು ಮಡಿಲಿಗೆ ಬೀಳುತ್ತಿತ್ತು. ಕಿರುಬೆರಳಿಗೆ ಬರುವಷ್ಟರಲ್ಲಿ ಅವಳು ತಲೆ ಎತ್ತದೆ ಹೇಳಿದಳು.

"ಅಜ್ಜ, ಆ ದಿನದ ಕೋಳಿ ತೊಳೆದದ್ದು ನಾನೇ. ಕೆಟ್ಟಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ."

ಪಕ್ಕದ ಮಂಚದವನು ಮಗ್ಗುಲು ಬದಲಿಸಿದ. ಹೊರಗೆ ಯಾರೋ ನಲ್ಲಿ ಬಿಟ್ಟು ನಿಲ್ಲಿಸಿದರು. ಅವಳು ಕತ್ತರಿಸಿದ ಚೂರುಗಳನ್ನು ಒಂದೊಂದಾಗಿ ಆರಿಸಿ ಕಾಗದದ ಮೇಲೆ ಹಾಕಿದಳು. ಎದ್ದು ಹೋಗಬೇಕೋ ಕೂತಿರಬೇಕೋ ತಿಳಿಯಲಿಲ್ಲ. ಅವರ ಎಡಗೈ ಮೆಲ್ಲಗೆ ಹಿಂದೆ ಸರಿದು ಹೊದಿಕೆಯ ಒಳಗೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ಹೊದಿಕೆ ಅಲುಗಿತು. ಬಲಗೈ ಹೊರಗೆ ಬಂತು. ನಡುಗುತ್ತ ಬಂದು ಅವಳ ಮಂಡಿಯ ಮೇಲೆ ಕೂತು, ಐದು ಬೆರಳನ್ನೂ ಅಗಲಿಸಿತು.